ಹೊಸಬರಿಗೆ ಮೊದಲ ಯಂತ್ರದೋಣಿ

ಸಹ್ಯಾದ್ರಿಯಲ್ಲಿ ಹುಟ್ಟಿ, ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದಲ್ಲಿ ತಂಗಿ, ಧೂಪದಾಳದ ಒಡ್ಡನ್ನು ದಾಟಿ, ಗೋಕಾಕದ ಬಳಿ ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಘಟಪ್ರಭೆಯು ಮುಂದೆ ಕಬ್ಬು, ಗೋವಿನಜೋಳಗಳ ಎರೆಭೂಮಿಯ ನಡುವೆ ಮಂದಗತಿಯಿಂದ ಹರಿಯುತ್ತದೆ. ಮಸಗುಪ್ಪಿ ಮೊದಲಾದ ದಂಡೆಯ ಊರುಗಳಿಗೆ ಈ ಹೊಳೆಯೇ ಅನ್ನದ ಆಧಾರ. ಅದೇ ಹೊಳೆ 2019ರ ಆಗಸ್ಟ್ ತಿಂಗಳಲ್ಲಿ ದಂಡೆ ಮೀರಿ ಗೋಕಾಕ ಪಟ್ಟಣವನ್ನೂ ಕೆಳಗಿನ ಅನೇಕ ಹಳ್ಳಿಗಳನ್ನೂ ಹೊಕ್ಕಿತು. ಸೈನ್ಯದವರೂ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರೂ ಯಂತ್ರದೋಣಿಗಳನ್ನು ತಂದು ಜನರನ್ನು ದಾಟಿಸಬೇಕಾಯಿತು. ಇಂಥ ಸಂದರ್ಭವನ್ನು ಕಂಡ ಊರಿನಲ್ಲಿ ‘ನಮ್ಮದೇ ಒಂದು ದೋಣಿ ಇದ್ದಿದ್ದರೆ’ ಎಂಬ ಮಾತು ಹುಟ್ಟುವುದು ಸಹಜ. ಕೊಡಿಸಲು ಮುಂದೆ ಬರುವ ಉದಾರಿಗಳೂ ಇಲ್ಲದಿಲ್ಲ. ಆದರೆ ಎತ್ತು, ಬಂಡಿ, ಟ್ರ್ಯಾಕ್ಟರುಗಳನ್ನು ನೋಡಿದೊಡನೆ ಗುಣದೋಷ ಹೇಳಬಲ್ಲ ಒಕ್ಕಲಿಗನೂ ಯಂತ್ರದೋಣಿಯ ಮುಂದೆ ನಿಂತಾಗ ಮಗುವಿನಂತಾಗುತ್ತಾನೆ. ಅಂಥವರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಕೊಳ್ಳುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾವ ದೋಣಿ?’ ಎಂಬುದಲ್ಲ, ‘ಯಾವ ನೀರು?’ ಎಂಬುದು. ಒಂದೇ ಘಟಪ್ರಭೆಗೆ ವರ್ಷದಲ್ಲಿ ಎರಡು ರೂಪಗಳುಂಟು. ಬೇಸಿಗೆಯಲ್ಲಿ ಅದು ಬಾಂದಾರದಿಂದ ಬಾಂದಾರಕ್ಕೆ ನಿಂತ ಮಡುಗಳ ಸಾಲು. ಮಳೆಗಾಲದಲ್ಲಿ, ಅದರಲ್ಲಿಯೂ ಜಲಾಶಯದಿಂದ ನೀರು ಬಿಟ್ಟಾಗ, ಅದು ಬೇರೆಯೇ ಹೊಳೆ. ಈ ಎರಡಕ್ಕೂ ಒಂದೇ ದೋಣಿ, ಒಬ್ಬನೇ ಹೊಸಬ ಸಾಲುವುದಿಲ್ಲವೆಂಬುದನ್ನು ಸ್ವಲ್ಪ ಲೆಕ್ಕದಿಂದಲೇ ಸಿದ್ಧಪಡಿಸಬಹುದು.

ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಒಂದು ಮಿತಿಯನ್ನು ಹಾಕುತ್ತದೆ. ದೋಣಿಯು ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಲಾರದೆ ಅಲ್ಲಿಯೇ ತಡೆಯುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ದೊರೆಯುತ್ತದೆ. 16 ಅಡಿಯ ದೋಣಿಗೆ ಇದು ಸುಮಾರು 5.4 ನಾಟ್, ಅಂದರೆ ಗಂಟೆಗೆ 10 ಕಿಲೋಮೀಟರು. ಹೊಳೆಯ ಸೆಳವು ಸೆಕೆಂಡಿಗೆ 2 ಮೀಟರು ಇದೆಯೆನ್ನೋಣ. ಅದು ಗಂಟೆಗೆ 7.2 ಕಿಲೋಮೀಟರು. ಆಗ ಈ ದೋಣಿ ಏರುಮುಖವಾಗಿ ಗಂಟೆಗೆ ಮೂರು ಕಿಲೋಮೀಟರು ಕೂಡ ಸಾಗದು. ಇಳಿಮುಖವಾಗಿ ಮಾತ್ರ 17 ಕಿಲೋಮೀಟರು ವೇಗದಿಂದ ಕೊಚ್ಚಿಕೊಂಡು ಹೋಗುತ್ತದೆ. 200 ಮೀಟರು ಅಗಲದ ಹೊಳೆಯನ್ನು ನೇರ ಎದುರು ದಂಡೆಗೆ ಮೂತಿ ಮಾಡಿ ದಾಟಿದರೆ 72 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ದೋಣಿ 144 ಮೀಟರು ಕೆಳಕ್ಕೆ ಹೋಗಿರುತ್ತದೆ. ಕೆಳಗೆ ಬಾಂದಾರ ಅಥವಾ ಸೇತುವೆಯ ಕಂಬವಿದ್ದರೆ ಆ 144 ಮೀಟರುಗಳ ಅರ್ಥವೇನೆಂದು ಬೇರೆ ಹೇಳಬೇಕಾಗಿಲ್ಲ. ಸೆಳವು ಸೆಕೆಂಡಿಗೆ 3 ಮೀಟರಿಗೆ ಏರಿದರಂತೂ ದೋಣಿ ಏರುಮುಖವಾಗಿ ಹೋಗುವುದೇ ಇಲ್ಲ. ಹೆಚ್ಚು ಶಕ್ತಿಯ ಯಂತ್ರವನ್ನು ಕಟ್ಟಿ ಹಗುರಾದ ದೋಣಿಯನ್ನು ನೀರಿನ ಮೇಲೆ ಎತ್ತಿ ಓಡಿಸಬಹುದು, ನಿಜ. ಆದರೆ ಮಹಾಪೂರದಲ್ಲಿ ಮುಳುಗಿದ ಬೇಲಿ, ತೇಲುವ ಮರ, ಕೈಗೆಟಕುವಷ್ಟು ತಗ್ಗಿದ ವಿದ್ಯುತ್ ತಂತಿಗಳ ನಡುವೆ ಆ ವೇಗವನ್ನು ಆಳುವುದು ತರಬೇತಾದ ಕೈಗಳ ಕೆಲಸ. ಆದುದರಿಂದ ಹೊಸಬರ ಮೊದಲ ದೋಣಿ ಶಾಂತ ನೀರಿನದಾಗಿರಬೇಕು. ಪ್ರವಾಹಕ್ಕೆಂದು ದೋಣಿಯನ್ನು ಕೊಳ್ಳುವ ಊರು, ದೋಣಿಯ ಹಣದ ಜೊತೆಗೆ ನಾಲ್ಕು ಜನ ತರುಣರ ತರಬೇತಿಯ ಹಣವನ್ನೂ ತೆಗೆದಿರಿಸದಿದ್ದರೆ ಆ ದಾನ ಅರ್ಧದಾನವೇ ಸರಿ.

ಬಾಂದಾರದ ವಿಷಯದಲ್ಲಿ ಇನ್ನೂ ಒಂದು ಮಾತು. ಒಡ್ಡಿನ ಮೇಲಿನಿಂದ ಬಿದ್ದ ನೀರು ಬುಡದಲ್ಲಿ ಸುರುಳಿ ಸುತ್ತಿ ಮೇಲ್ಭಾಗದಲ್ಲಿ ಮತ್ತೆ ಒಡ್ಡಿನ ಕಡೆಗೇ ಮರಳುತ್ತದೆ. ಕೆಳಗಿನಿಂದ ಹತ್ತಿರ ಹೋದ ದೋಣಿಯನ್ನು ಅದು ತನ್ನೊಳಗೆ ಎಳೆದುಕೊಂಡು ತಿರುಗಿಸುತ್ತಲೇ ಇರುತ್ತದೆ. ದಂಡೆಯಿಂದ ನೋಡುವವರಿಗೆ ಅದು ಹಾಲಿನ ನೊರೆಯಂತೆ ಸುಂದರ. ಬಾಂದಾರದ ಮೇಲ್ಗಡೆಯಾಗಲಿ ಕೆಳಗಡೆಯಾಗಲಿ ಸಮೀಪಕ್ಕೆ ಹೋಗಕೂಡದೆಂಬುದು ಹೊಸಬನು ಕಲಿಯಬೇಕಾದ ಮೊದಲ ಪಾಠ.

ಇನ್ನು ದೋಣಿಯ ಆಕಾರ. ಕನ್ನಡ ನಾಡಿನ ಹೊಳೆಗಳಿಗೆ ಹಳೆಯ ವಾಹನ ಹರಿಗೋಲು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಈ ದುಂಡು ಬುಟ್ಟಿ ಮೊಣಕಾಲು ನೀರಿನಲ್ಲಿಯೂ ತೇಲುತ್ತದೆ, ಬಂಡೆಗೆ ಬಡಿದರೆ ಬಾಗುತ್ತದೆಯೇ ಹೊರತು ಸುಲಭವಾಗಿ ಒಡೆಯುವುದಿಲ್ಲ. ಆದರೆ ಅದಕ್ಕೆ ಹಿಂದು ಮುಂದು ಎಂಬುದಿಲ್ಲ. ಯಂತ್ರವನ್ನು ಹೊರಬಲ್ಲ ಗಟ್ಟಿ ಹಿಂಬದಿಯಿಲ್ಲ. ಯಂತ್ರ ಕಟ್ಟಿದರೆ ಅದು ಬುಗುರಿಯಾದೀತು. ಯಂತ್ರದೋಣಿಗಳ ತಳ ಮುಖ್ಯವಾಗಿ ಎರಡು ಬಗೆ. ಚಪ್ಪಟೆ ತಳದ್ದು ಕಡಿಮೆ ನೀರಿನಲ್ಲಿ ಹೋಗುತ್ತದೆ, ಹತ್ತಿ ಇಳಿಯುವಾಗ ಹೆಚ್ಚು ಓಲಾಡುವುದಿಲ್ಲ, ಸಣ್ಣ ಯಂತ್ರಕ್ಕೂ ಮಣಿಯುತ್ತದೆ; ಅಲೆಯೆದ್ದಾಗ ಮಾತ್ರ ಬಡಿದುಕೊಳ್ಳುತ್ತದೆ. ನೇಗಿಲಿನ ಗುಳದಂತೆ ಚೂಪಾದ ತಳದ್ದು ಅಲೆಯನ್ನು ಸೀಳುತ್ತದೆ, ಆದರೆ ಅದಕ್ಕೆ ಆಳವೂ ಬೇಕು, ಶಕ್ತಿಯೂ ಬೇಕು. ಸಮುದ್ರದವರಿಗೆ ಎರಡನೆಯದು, ಹೊಳೆಯವರಿಗೆ ಮೊದಲನೆಯದು. ಮುಂಭಾಗದಲ್ಲಿ ಅಲ್ಪ ಚೂಪಿದ್ದು ಹಿಂದಕ್ಕೆ ಚಪ್ಪಟೆಯಾಗುವ ನಡುವಣ ಬಗೆ ದೊರೆತರೆ ಇನ್ನೂ ಒಳ್ಳೆಯದು.

ಎಷ್ಟು ಜನ ಕೂಡಬಹುದು ಎಂಬ ಪ್ರಶ್ನೆಯಲ್ಲಿಯೇ ಹೆಚ್ಚು ಜನ ಮೋಸಹೋಗುವುದು. ಶಾಲೆಯಲ್ಲಿ ಕಲಿತ ಆರ್ಕಿಮಿಡೀಸನ ತತ್ತ್ವದಂತೆ ದೋಣಿಯು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. 16 ಅಡಿ ಉದ್ದ, 5 ಅಡಿ ಅಗಲದ ಚಪ್ಪಟೆ ದೋಣಿಯೊಂದರ ನೀರಿಗೆ ತಾಗುವ ವಿಸ್ತಾರ, ಮೂತಿಯ ಕಡೆಯ ಕಿರಿದನ್ನು ಕಳೆದು, ಸುಮಾರು 5.5 ಚದರ ಮೀಟರು ಎಂದಿಟ್ಟುಕೊಂಡರೆ, ಒಂದೊಂದು ಸೆಂಟಿಮೀಟರು ಮುಳುಗಿದಾಗಲೂ ಅದು 55 ಕಿಲೋ ಭಾರ ಹೊರುತ್ತದೆ. 60 ಕಿಲೋ ತೂಕದ ಹತ್ತು ಜನ ಹತ್ತಿದರೆ ಮುಳುಗುವುದು ಹನ್ನೊಂದೇ ಸೆಂಟಿಮೀಟರು! ಇಷ್ಟನ್ನು ನೋಡಿ ‘ಹತ್ತಲ್ಲ, ಹದಿನೈದು ಜನ ಬನ್ನಿ’ ಎನ್ನುವವರುಂಟು. ಆದರೆ ಸಣ್ಣ ದೋಣಿ ಸಾಮಾನ್ಯವಾಗಿ ಭಾರಕ್ಕೆ ನೇರವಾಗಿ ಮುಳುಗುವುದಿಲ್ಲ, ಓರೆಯಾಗಿ ಮಗುಚುತ್ತದೆ. ಒಬ್ಬನು ಎದ್ದು ನಿಲ್ಲುತ್ತಾನೆ, ನಾಲ್ವರು ಒಂದೇ ಬದಿಗೆ ಬಾಗುತ್ತಾರೆ, ಆ ಬದಿಯ ಅಂಚು ನೀರಿಗೆ ತಾಗುತ್ತದೆ, ಮುಂದಿನದೆಲ್ಲ ಕ್ಷಣಮಾತ್ರದಲ್ಲಿ. ಆದ್ದರಿಂದಲೇ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಅಮೆರಿಕದಲ್ಲಿ ಒಂದು ಸ್ಥೂಲ ಸೂತ್ರ ರೂಢಿಯಲ್ಲಿದೆ: ಅಡಿಗಳಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸಬೇಕು. ಮೇಲಿನ ದೋಣಿಗೆ ಉತ್ತರ ಐದು. ನಡೆಸುವವನೂ ಆ ಐವರಲ್ಲಿ ಒಬ್ಬನು.

ಈ ಲೆಕ್ಕವನ್ನು ಕಡೆಗಣಿಸಿದ್ದರ ಬೆಲೆಯನ್ನು ದೂರ ಹುಡುಕಬೇಕಾಗಿಲ್ಲ. 2007ರ ಫೆಬ್ರವರಿ 20ರಂದು ಕೇರಳದ ತಟ್ಟೇಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಪೆರಿಯಾರ್ ನದಿಯಲ್ಲಿ ಮುಳುಗಿ 15 ವಿದ್ಯಾರ್ಥಿಗಳೂ ಶಾಲೆಯ 3 ಸಿಬ್ಬಂದಿಯೂ ತೀರಿಕೊಂಡರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಅಸುನೀಗಿದರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಸತ್ತವರು 22 ಜನ. ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಅಲ್ಲಿ ಪ್ರವಾಸಿಗಳನ್ನು ತುಂಬಲಾಗಿತ್ತು. ಮಕ್ಕಳನ್ನು ಹೊಳೆಯ ಮೇಲೆ ಕರೆದೊಯ್ಯುವ ಶಿಕ್ಷಕರು ದೋಣಿಯ ಬಣ್ಣವನ್ನಲ್ಲ, ತಲೆಯ ಎಣಿಕೆಯನ್ನು ನೋಡಬೇಕು.

ದೋಣಿಯ ಪದಾರ್ಥದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಮರದ ದೋಣಿ ಬೇಸಿಗೆಯಲ್ಲಿ ದಂಡೆಯ ಮೇಲೆ ಒಣಗಿದರೆ ಹಲಗೆಯ ಸಂದುಗಳು ಬಿಡುತ್ತವೆ. ನೀರಿಲ್ಲದ ತಿಂಗಳುಗಳುಳ್ಳ ಸೀಮೆಗೆ ಅದು ಒಗ್ಗದು. ರಬ್ಬರಿನ ಗಾಳಿದೋಣಿ ಪರಿಹಾರಪಡೆಗಳಿಗೆ ಅತ್ಯುತ್ತಮ; ಲಾರಿಯಲ್ಲಿ ಮಡಚಿ ತರಬಹುದು, ಒಂದು ಕೋಣೆ ಒಡೆದರೂ ಉಳಿದ ಕೋಣೆಗಳು ಎತ್ತಿ ಹಿಡಿಯುತ್ತವೆ. ಆದರೆ ಜಾಲಿಮುಳ್ಳು, ತಗಡು ಅದರ ವೈರಿಗಳು. ಊರಿನ ಕೋಣೆಯೊಂದರಲ್ಲಿ ಇಲಿ, ಬಿಸಿಲುಗಳ ಪಾಲಾಗಿ ಬಿದ್ದರೆ ಬೇಕಾದ ದಿನ ಅದು ಗಾಳಿಯನ್ನೇ ಹಿಡಿಯದು. ಗಾಜಿನ ನಾರಿನ, ಅಂದರೆ ಫೈಬರಿನ ದೋಣಿಯನ್ನು ಹಳ್ಳಿಯಲ್ಲಿಯೇ ತೇಪೆ ಹಾಕಿ ದುರಸ್ತಿ ಮಾಡಿಕೊಳ್ಳಬಹುದು. ಆಸನಗಳ ಕೆಳಗೆ ತೇಲುವ ನೊರೆಪದಾರ್ಥ ತುಂಬಿದ್ದರೆ ನೀರು ತುಂಬಿದರೂ ತಳಕ್ಕಿಳಿಯದು. ಹೊಸಬರಿಗೆ ಇದೇ ಲೇಸು.

ದೋಣಿಯ ಹಿಂಬದಿಗೆ ತಗಲಿಸಿ ಬೇಕಾದಾಗ ಬಿಚ್ಚಿಡುವ ಯಂತ್ರವನ್ನು ಅಮೆರಿಕದ ಓಲೆ ಎವಿನ್‌ರೂಡ್ ಎಂಬಾತನು 1909ರಲ್ಲಿ ಮಾರಾಟಕ್ಕೆ ತಂದು ಜನಪ್ರಿಯಗೊಳಿಸಿದನು. ಕರಾವಳಿಯ ನಾಡದೋಣಿಗಳು ಇದನ್ನೇ ಸೀಮೆಎಣ್ಣೆಯಿಂದ ನಡೆಸುತ್ತ ಬಂದಿವೆ. ಪೆಟ್ರೋಲಿನಿಂದ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಅಲ್ಲಿಯ ಕ್ರಮ. ಒಳನಾಡಿನ ಹೊಸಬನಿಗೆ ಫೋರ್-ಸ್ಟ್ರೋಕ್ ಪೆಟ್ರೋಲ್ ಯಂತ್ರವೇ ಸುಲಭ, ಏಕೆಂದರೆ ಇಂಧನದಲ್ಲಿ ಎಣ್ಣೆ ಬೆರೆಸುವ ರಗಳೆ ಅದಕ್ಕಿಲ್ಲ. ಮೇಲೆ ಹೇಳಿದ ದೋಣಿಗೆ 5ರಿಂದ 10 ಅಶ್ವಶಕ್ತಿ ಧಾರಾಳವಾಗಿ ಸಾಕು. ಯಂತ್ರದ ಕಾಲು ಗಿಡ್ಡ, ಉದ್ದ ಎಂದು ಎರಡು ಅಳತೆಗಳಲ್ಲಿ, ಸುಮಾರು 15 ಮತ್ತು 20 ಅಂಗುಲಗಳಲ್ಲಿ ಬರುತ್ತದೆ. ದೋಣಿಯ ಹಿಂಬದಿ ಹಲಗೆಯ ಎತ್ತರಕ್ಕೆ ಅದು ಹೊಂದಬೇಕು. ಗಿಡ್ಡವಾದರೆ ಪಂಖ ಗಾಳಿಯನ್ನು ಕಡೆಯುತ್ತದೆ, ಉದ್ದವಾದರೆ ತಳದ ಕಲ್ಲಿಗೆ ಬಡಿಯುತ್ತದೆ. ಈ ಯಂತ್ರಗಳು ಹೊಳೆಯ ನೀರನ್ನೇ ಹೀರಿ ತಂಪಾಗುವುದರಿಂದ ಮಳೆಗಾಲದ ರಾಡಿ, ಕಬ್ಬಿನ ರವದಿ, ಪ್ಲಾಸ್ಟಿಕ್ ಚೀಲಗಳು ಅವುಗಳ ಉಸಿರು ಕಟ್ಟಿಸುತ್ತವೆ. ಓಡುತ್ತಿರುವಾಗ ಹಿಂದಿನಿಂದ ಚಿಮ್ಮುವ ಸಣ್ಣ ನೀರಿನ ಎಳೆ ನಿಂತರೆ ಯಂತ್ರವನ್ನು ಒಡನೆ ಆರಿಸಬೇಕು. ದಂಡೆಯುದ್ದಕ್ಕೂ ಪಂಪ್‌ಸೆಟ್ಟುಗಳ ಕೊಳವೆ, ಕೇಬಲ್ಲುಗಳು ನೀರಿಗಿಳಿದಿರುತ್ತವೆಂಬುದನ್ನೂ ಮರೆಯಬಾರದು.

ಹಳೆಯ ದೋಣಿ ಅಗ್ಗಕ್ಕೆ ಸಿಕ್ಕೀತು, ತಪ್ಪೇನಿಲ್ಲ. ಯಂತ್ರ ಹೊತ್ತ ಹಿಂಬದಿ ಹಲಗೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು: ಗಟ್ಟಿಯಿದ್ದರೆ ಟಣ್ಣನೆಯ ಸದ್ದು, ಒಳಗೆ ಕೊಳೆತಿದ್ದರೆ ಮಂದ ಸದ್ದು. ಯಂತ್ರದ ಗೇರಿನ ಎಣ್ಣೆ ಹಾಲು ಬೆರೆತ ಚಹಾದಂತೆ ಬಿಳಿಚಿದ್ದರೆ ಒಳಗೆ ನೀರು ಹೊಕ್ಕಿದೆಯೆಂದು ತಿಳಿಯಬೇಕು. ಸಮುದ್ರದಲ್ಲಿ ದುಡಿದ ಯಂತ್ರವಾದರೆ ಉಪ್ಪಿನ ತುಕ್ಕನ್ನು ವಿಶೇಷವಾಗಿ ಹುಡುಕಬೇಕು. ಮಾರುವವನು ನೀರಿನಲ್ಲಿ ನಡೆಸಿ ತೋರಿಸಲು ಒಪ್ಪದಿದ್ದರೆ ವ್ಯಾಪಾರವನ್ನು ಅಲ್ಲಿಗೇ ಬಿಡುವುದು ಜಾಣತನ.

ದೋಣಿಯ ಬೆಲೆಯಲ್ಲಿಯೇ ಸೇರಿಸಿ ಎಣಿಸಬೇಕಾದ ವಸ್ತುಗಳುಂಟು: ಪ್ರತಿಯೊಬ್ಬನಿಗೂ ಮೈತೂಕಕ್ಕೆ ತಕ್ಕ ಜೀವರಕ್ಷಕ ಅಂಗಿ (ದೊಡ್ಡವರ ಅಂಗಿಯಿಂದ ಮಗು ಜಾರಿಬಿಡುತ್ತದೆ), ಎರಡು ಹುಟ್ಟು, ಒಂದು ಗಳ, ಲಂಗರು, ಉದ್ದನೆಯ ಹಗ್ಗ, ನೀರು ಗೋರುವ ಪಾತ್ರೆ, ಬೆಂಕಿ ಆರಿಸುವ ಸಾಧನ. ನಡೆಸುವವನ ಮಣಿಕಟ್ಟಿಗೆ ಬಿಗಿಯುವ ದಾರವೊಂದು ಯಂತ್ರದೊಡನೆ ಬರುತ್ತದೆ. ಅವನು ನೀರಿಗೆ ಬಿದ್ದರೆ ಆ ದಾರ ಕಿತ್ತು ಯಂತ್ರ ನಿಲ್ಲುತ್ತದೆ, ಪಂಖ ಅವನ ಮೇಲೆ ತಿರುಗಿ ಬರುವುದಿಲ್ಲ. ಅಡ್ಡಿಯೆಂದು ಹೊಸಬರು ಮೊದಲ ದಿನವೇ ತೆಗೆದಿಡುವುದು ಈ ದಾರವನ್ನೇ!

ಯಂತ್ರಕ್ಕಿಂತ ಮೊದಲು ಹುಟ್ಟು ಹಾಕುವುದನ್ನು ಕಲಿಯಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರ ಕಾಯಕವೇ ದೋಣಿ ನಡೆಸುವುದಾಗಿತ್ತೆಂಬುದನ್ನು ಈ ಸಂಚಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಆ ಕಾಯಕದ ಮನೆತನಗಳು ಹೊಳೆದಂಡೆಯ ಊರುಗಳಲ್ಲಿ ಇಂದಿಗೂ ಉಂಟು. ಎಲ್ಲಿ ಸುಳಿ, ಎಲ್ಲಿ ಬಂಡೆ, ಯಾವ ತಿಂಗಳಲ್ಲಿ ಯಾವ ಮಗ್ಗುಲಿಗೆ ಸೆಳವು ಎಂಬುದು ಅವರಿಗೆ ಅಂಗೈರೇಖೆ. ಯಂತ್ರ ಮಾರುವ ಅಂಗಡಿಗೆ ಹೋಗುವ ಮುನ್ನ ಅಂಥ ಹಿರಿಯರೊಬ್ಬರನ್ನು ಕಂಡು ಬರುವುದು ಲೇಸು.

ಕಾನೂನಿನ ಮಾತೂ ಇದೆ. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2021ರ ಒಳನಾಡು ನೌಕೆಗಳ ಅಧಿನಿಯಮ ಬಂದಿದೆ. ಯಂತ್ರದಿಂದ ನಡೆಯುವ ನೌಕೆಗಳ ತಪಾಸಣೆ, ನೋಂದಣಿ, ನಡೆಸುವವರ ಅರ್ಹತೆ, ವಿಮೆಗಳ ಕುರಿತು ಅದರಲ್ಲಿ ವಿಧಿಗಳಿವೆ. ಜನರನ್ನು ದಾಟಿಸಲು ಬಳಸುವ ದೋಣಿಯಾದರೆ ಕೊಳ್ಳುವ ಮೊದಲೇ ಅಧಿಕಾರಿಗಳನ್ನು ವಿಚಾರಿಸಿ, ತಪಾಸಣೆಯಲ್ಲಿ ತೇರ್ಗಡೆಯಾಗುವಂಥದನ್ನೇ ಆರಿಸಬೇಕು.

ಕೊನೆಯದಾಗಿ, ಇಡುವ ಜಾಗ. ಹೊಳೆಯ ದಂಡೆಯಲ್ಲಿ ಕಟ್ಟಿಟ್ಟ ದೋಣಿಯನ್ನು ಮಹಾಪೂರವೇ ಮೊದಲು ಒಯ್ಯುತ್ತದೆ. 2019ರ ನೀರು ಊರಿನಲ್ಲಿ ಎಲ್ಲಿಯವರೆಗೆ ಬಂದಿತ್ತೆಂಬ ಗುರುತು ಹಲವು ಗೋಡೆಗಳ ಮೇಲಿದೆ. ಅದಕ್ಕಿಂತ ಎತ್ತರದಲ್ಲಿ, ಚಕ್ರದ ಗಾಡಿಯ ಮೇಲೆ, ನೆರಳಿನಲ್ಲಿ ದೋಣಿಯನ್ನು ಬೋರಲು ಹಾಕಿಡಬೇಕು. ಯಂತ್ರವನ್ನು ಬಿಚ್ಚಿ ನೆಟ್ಟಗೆ ನಿಲ್ಲಿಸಿ, ತಿಂಗಳಿಗೊಮ್ಮೆ ಶುದ್ಧ ನೀರಿನ ಪೀಪಾಯಿಯಲ್ಲಿ ಅದರ ಕಾಲನ್ನು ಅದ್ದಿ ಹತ್ತು ನಿಮಿಷ ಓಡಿಸಬೇಕು. ಆ ಕೀಲಿಕೈ ಯಾರ ಮನೆಯಲ್ಲಿರುತ್ತದೆಂಬುದು ಕನಿಷ್ಠ ಮೂವರಿಗಾದರೂ ಗೊತ್ತಿರಬೇಕು.