ಲ್ಯುಕೇಮಿಯಾ ಕೋಶಕ್ಕೆ ಪಕ್ವವಾಗುವ ಸಂಜ್ಞೆ

ಕ್ಯಾನ್ಸರ್ ಚಿಕಿತ್ಸೆ ಎಂದೊಡನೆ ರೋಗದ ಕೋಶಗಳನ್ನು ಕೊಲ್ಲುವುದೇ ನೆನಪಾಗುತ್ತದೆ. ಕೊಲ್ಲುವ ಬದಲು ಅವನ್ನು ಪಕ್ವಗೊಳಿಸಬಹುದೆ? ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ ಇದು ಸಾಧ್ಯವಾಗಿದೆ.

ಅಸ್ಥಿಮಜ್ಜೆಯಲ್ಲಿ ಎಳೆಯ ಕೋಶಗಳು ಹಂತ ಹಂತವಾಗಿ ಬೆಳೆದು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳಾಗುತ್ತವೆ. ಇದೇ ವಿಭೇದನ. ಪಕ್ವವಾದ ನ್ಯೂಟ್ರೊಫಿಲ್ ಮತ್ತೆ ವಿಭಜನೆಗೊಳ್ಳುವುದಿಲ್ಲ. ತನ್ನ ಕೆಲಸ ಮುಗಿಸಿ ಸಾಯುತ್ತದೆ. ತೀವ್ರ ಪ್ರೋಮೈಲೊಸೈಟಿಕ್ ಲ್ಯುಕೇಮಿಯಾದಲ್ಲಿ ಕೋಶಗಳು ನಡುವಿನ ಹಂತದಲ್ಲೇ ನಿಂತು, ಸಂಖ್ಯೆಯಲ್ಲಿ ಮಾತ್ರ ಹೆಚ್ಚುತ್ತವೆ. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಡುವುದರಿಂದ ರೋಗಿ ರಕ್ತಸ್ರಾವದಿಂದ ಬೇಗನೆ ಸಾಯುವ ಅಪಾಯವಿದೆ.

ತಡೆ ಎಲ್ಲಿದೆ? ವಿಟಮಿನ್ ‘ಎ’ಯಿಂದ ದೇಹದಲ್ಲಿ ರೆಟಿನಾಯಿಕ್ ಆಮ್ಲ ಉಂಟಾಗುತ್ತದೆ. ಇದರ ಸಂಜ್ಞೆಯನ್ನು ಸ್ವೀಕರಿಸುವ ಗ್ರಾಹಕ ಪ್ರೋಟೀನು ಕೋಶಕೇಂದ್ರದಲ್ಲಿ ಡಿಎನ್‌ಎಗೆ ಅಂಟಿಕೊಂಡಿರುತ್ತದೆ. ಆಮ್ಲವಿಲ್ಲದಾಗ ಅದು ದಮನಕಾರಿ ಪ್ರೋಟೀನುಗಳನ್ನು ಹಿಡಿದುಕೊಂಡು ಕೆಲವು ಜೀನುಗಳನ್ನು ನಿಷ್ಕ್ರಿಯವಾಗಿಡುತ್ತದೆ. ಆಮ್ಲದ ಅಣು ಬಂದು ಸೇರಿದೊಡನೆ ಗ್ರಾಹಕದ ಆಕಾರ ಬದಲಾಗುತ್ತದೆ, ದಮನಕಾರಿಗಳು ಕಳಚಿಕೊಳ್ಳುತ್ತವೆ, ವಿಭೇದನಕ್ಕೆ ಬೇಕಾದ ಜೀನುಗಳು ಕೆಲಸ ಆರಂಭಿಸುತ್ತವೆ. ಇದನ್ನು ಒಂದು ಸ್ವಿಚ್ಚಿಗೆ ಹೋಲಿಸಬಹುದು.

ಈ ರೋಗದಲ್ಲಿ 15 ಮತ್ತು 17ನೆಯ ವರ್ಣತಂತುಗಳು ತುಂಡಾಗಿ, ತುಣುಕುಗಳು ಅದಲುಬದಲಾಗಿ ಕೂಡಿಕೊಂಡಿರುತ್ತವೆ. ಇದರಿಂದ ಗ್ರಾಹಕದ ಜೀನು ‘ಪಿಎಂಎಲ್’ ಎಂಬ ಜೀನಿನೊಡನೆ ಬೆಸೆದು ಮಿಶ್ರ ಪ್ರೋಟೀನೊಂದು ತಯಾರಾಗುತ್ತದೆ. ಅದು ದಮನಕಾರಿಗಳನ್ನು ಬಲವಾಗಿ ಹಿಡಿಯುವುದರಿಂದ ದೇಹದಲ್ಲಿ ಸಹಜವಾಗಿರುವಷ್ಟು ಆಮ್ಲ ಸಾಲದು. ಗಮನಿಸಿ: ಸ್ವಿಚ್ಚು ಬಿಗಿಯಾಗಿದೆಯೇ ಹೊರತು ಮುರಿದಿಲ್ಲ. ಆಮ್ಲದ ಪ್ರಮಾಣವನ್ನು ನೂರು ಪಟ್ಟು ಅಥವಾ ಇನ್ನೂ ಹೆಚ್ಚಿಸಿದರೆ ಹಿಡಿತ ಸಡಿಲುತ್ತದೆ. ಮಿಶ್ರ ಪ್ರೋಟೀನು ಕೂಡ ಕೋಶದೊಳಗೇ ವಿಘಟನೆಗೊಳ್ಳುತ್ತದೆ.

ಶಾಂಘೈನ ವಾಂಗ್ ಝೆನ್‌ಯಿ ಅವರ ತಂಡ 1988ರಲ್ಲಿ 24 ರೋಗಿಗಳ ವಿವರ ಪ್ರಕಟಿಸಿತು. 23 ಮಂದಿಯಲ್ಲಿ ರೆಟಿನಾಯಿಕ್ ಆಮ್ಲವೊಂದರಿಂದಲೇ ರೋಗ ಶಮನವಾಗಿತ್ತು. ಆದರೆ ಅದೊಂದನ್ನೇ ಕೊಟ್ಟಾಗ ರೋಗ ಮರುಕಳಿಸುತ್ತಿತ್ತು. ಚೀನಾದ ಹಾರ್ಬಿನ್‌ನಲ್ಲಿ ಬಳಕೆಗೆ ಬಂದಿದ್ದ ಆರ್ಸೆನಿಕ್ ಟ್ರೈಆಕ್ಸೈಡ್ ಈ ಕೊರತೆ ತುಂಬಿತು. ಅದು ಮಿಶ್ರ ಪ್ರೋಟೀನಿನ ಇನ್ನೊಂದು ತುದಿಗೆ, ಅಂದರೆ ಪಿಎಂಎಲ್ ಭಾಗಕ್ಕೆ ಅಂಟಿ ಅದನ್ನು ನಾಶಪಡಿಸುತ್ತದೆ. 2013ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನದಲ್ಲಿ, ಹೆಚ್ಚಿನ ಅಪಾಯದ ಗುಂಪಿಗೆ ಸೇರದ ರೋಗಿಗಳಿಗೆ ಇವೆರಡನ್ನೂ ಕೊಟ್ಟಾಗ ಎರಡು ವರ್ಷಗಳ ನಂತರ ತೊಂದರೆಯಿಲ್ಲದೆ ಉಳಿದವರು ಶೇ. 97. ರೆಟಿನಾಯಿಕ್ ಆಮ್ಲದೊಡನೆ ಕೀಮೋಥೆರಪಿ ಪಡೆದವರಲ್ಲಿ ಇದು ಶೇ. 86.

ವಿಟಮಿನ್ ‘ಎ’ ಮಾತ್ರೆ ನುಂಗಿದರೆ ಈ ಪರಿಣಾಮ ದೊರೆಯದು. ಅತಿಯಾದರೆ ಅದು ವಿಷ. ಈ ಚಿಕಿತ್ಸೆಯಲ್ಲೂ ಪಕ್ವವಾಗುತ್ತಿರುವ ಕೋಶಗಳು ಶ್ವಾಸಕೋಶಕ್ಕೆ ನುಗ್ಗಿ ಜೀವಕ್ಕೇ ಅಪಾಯ ತರಬಲ್ಲವು. ಆದ್ದರಿಂದ ಆಸ್ಪತ್ರೆಯ ನಿಗಾ ಅಗತ್ಯ.

ಬೇರೆ ಲ್ಯುಕೇಮಿಯಾಗಳಲ್ಲಿ ತಡೆ ಬೇರೆಡೆ ಇರುತ್ತದೆ. ಸಂಜ್ಞೆ ಎಲ್ಲಿ ನಿಂತಿದೆ ಎಂಬುದನ್ನು ಪ್ರತಿಯೊಂದರಲ್ಲೂ ಹುಡುಕಬೇಕು. ಹಾಗೆ ಹುಡುಕಿದ್ದರ ಫಲವಾಗಿ 2017ರ ನಂತರ ಇನ್ನೂ ಕೆಲವು ವಿಭೇದನಕಾರಿ ಔಷಧಗಳು ಬಳಕೆಗೆ ಬಂದಿವೆ.