ಚಿಗರಿ ನೋಡಲು ಹೇಗೆ ನಡೆಯಬೇಕು?

ಬಾಗಲಕೋಟೆ ಜಿಲ್ಲೆಯಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮ ಇದೆ. ಚಿಂಕಾರ ಅಂದ್ರೆ ಸಣ್ಣ ಚಿಗರಿ. ಇದರಲ್ಲಿ ಹೆಣ್ಣಿಗೂ ಸಣ್ಣ ಕೋಡು ಇರುತ್ತವೆ.

ಅಂಥ ಕಡೆ ತಿಳಿದವರ ಹಿಂದೆ ಸಾಲಾಗಿ, ಮಾತಾಡದೆ ನಡೆಯಬೇಕು. ಗಾಳಿ ನಮ್ಮ ಮುಖಕ್ಕೆ ಬೀಸುತ್ತಿರಬೇಕು. ಬೆನ್ನಿಗೆ ಬೀಸಿದರೆ ನಮ್ಮ ವಾಸನೆ ಮುಂದೆ ಹೋಗಿ ಚಿಗರಿ ಓಡಿಬಿಡುತ್ತದೆ. ಚಿಗರಿ ಕಾಣದಿದ್ದರೆ ನೆಲ ನೋಡಿರಿ. ಅದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕಿ ಹಾಕುತ್ತದೆ. ಆ ಗುಂಪಿ ಹಸಿ ಇದ್ದರೆ ಚಿಗರಿ ಸಮೀಪ ಇದೆ ಅಂತ ತಿಳೀಬೇಕು. ಎಲೆಯೊಳಗಿನ ನೀರು, ಇಬ್ಬನಿ ಇಷ್ಟರಲ್ಲೇ ಬಹಳ ದಿನ ಇರುತ್ತದೆ. (ನಮ್ಮ ಎಮ್ಮೆಗಳಿಗೆ ಹೀಗೆ ಹೇಳಿದರೆ ಕೇಳುತ್ತಾವೇನು?)

ಅದಕ್ಕೆ ದಟ್ಟ ಕಾಡು ಬೇಡ, ಹುಲ್ಲು, ಜಾಲಿಕಂಟಿಯ ಬಯಲು ಬೇಕು. ನಾವು ಅಂಥ ನೆಲಕ್ಕೆ ಬರಡು ಅಂತೀವಿ. ಅಲ್ಲಿ ನೇಗಿಲು ಹೊಡೆದರೂ, ಒತ್ತೊತ್ತಾಗಿ ಗಿಡ ನೆಟ್ಟರೂ ಚಿಗರಿಯ ಮನೆ ಹೋದಂಗೆ.