ನಿಮಗಿದು ಗೊತ್ತೇ? ಬೆಳಗಿನವರು, ರಾತ್ರಿಯವರು ಮತ್ತು ಬೆಳಕು

ಉತ್ತರಹಳ್ಳಿಯ ಒಂದೇ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಐದಕ್ಕೇ ಎದ್ದು ವಾಕಿಂಗ್ ಹೊರಡುತ್ತಾರೆ, ಎದುರು ಮನೆಯವರಿಗೆ ಎಂಟಾದರೂ ಕಣ್ಣು ಬಿಡಲಾಗುವುದಿಲ್ಲ. ಆ ಎರಡನೆಯವರನ್ನು ಸೋಮಾರಿ ಎನ್ನುವುದು ಅನ್ಯಾಯ.

ಇದಕ್ಕೆ ಸಾಕ್ಷಿ ನಮ್ಮ ಬೆಂಗಳೂರಿನಲ್ಲೇ ಇದೆ, ಗೊತ್ತೇ? ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯಕುಮಾರ್ ಶರ್ಮಾ ಅವರ ತಂಡ ಬೆಳಿಗ್ಗೆ ಕೋಶಾವಸ್ಥೆಯಿಂದ ಹೊರಬರುವ ಹಣ್ಣಿನ ನೊಣಗಳನ್ನೂ ಸಂಜೆ ಹೊರಬರುವವನ್ನೂ ಬೇರೆಬೇರೆಯಾಗಿ ತಲೆಮಾರುಗಟ್ಟಲೆ ಸಾಕಿತು. ಕೊನೆಗೆ ಬೆಳಗಿನ ನೊಣಗಳ ದೇಹದ ಗಡಿಯಾರ ಬೇಗ ಓಡತೊಡಗಿತು, ಸಂಜೆಯವುಗಳದು ನಿಧಾನವಾಯಿತು. ಬೇಗ ಏಳುವುದೋ ತಡವಾಗಿ ಏಳುವುದೋ ಎಂಬುದು ಒಂದಷ್ಟು ರಕ್ತದಲ್ಲೇ ಬರುತ್ತದೆ.

ಮನುಷ್ಯರ ಒಳಗಡಿಯಾರದ ಸರಾಸರಿ ದಿನ 24 ಗಂಟೆಗಿಂತ ಸುಮಾರು 10 ನಿಮಿಷ ಉದ್ದ. ಅದನ್ನು ದಿನವೂ ಸರಿಹೊಂದಿಸುವುದು ಮುಖ್ಯವಾಗಿ ಬೆಳಕೇ.

ಕಣ್ಣಿನಲ್ಲಿ ನೋಟಕ್ಕಿಂತ ಹೆಚ್ಚಾಗಿ ಈ ಗಡಿಯಾರಕ್ಕಾಗಿಯೇ ದುಡಿಯುವ ಕೋಶಗಳಿವೆ. ನೀಲಿ ಬೆಳಕು ಅವನ್ನು ಎಲ್ಲಕ್ಕಿಂತ ಚೆನ್ನಾಗಿ ಕೆರಳಿಸುತ್ತದೆ. ದೃಷ್ಟಿ ಇಲ್ಲದ ಕೆಲವರಲ್ಲೂ ಇವು ಕೆಲಸ ಮಾಡುತ್ತವೆ.

ಒಂದೇ ಬೆಳಕು ಹೊತ್ತಿಗೆ ತಕ್ಕಂತೆ ತದ್ವಿರುದ್ಧ ಕೆಲಸ ಮಾಡುತ್ತದೆ ಎಂಬುದು ಗೊತ್ತೇ? ಬೆಳಗಿನ ಬೆಳಕು ರಾತ್ರಿಯ ನಿದ್ದೆಯನ್ನು ಬೇಗ ಕರೆತರುತ್ತದೆ. ರಾತ್ರಿಯ ಬೆಳಕು ಮೆಲಟೋನಿನ್ ಹಾರ್ಮೋನನ್ನು ತಡೆದು ತೂಕಡಿಕೆಯನ್ನು ಓಡಿಸುತ್ತದೆ, ಗಡಿಯಾರವನ್ನೂ ತಡ ಮಾಡುತ್ತದೆ. ಇಲ್ಲೊಂದು ಎಚ್ಚರ ಬೇಕು. ದಿನವೂ ಮೂರಕ್ಕೆ ಮಲಗುವವರು ಒಮ್ಮೆಗೇ ಐದೂವರೆಗೆ ಅಲಾರಂ ಇಟ್ಟು ಬೆಳಕಿಗೆ ಬಂದರೆ ಗಡಿಯಾರ ಮತ್ತಷ್ಟು ತಡವಾಗಬಹುದು, ಏಕೆಂದರೆ ಅವರ ದೇಹಕ್ಕೆ ಅದಿನ್ನೂ ನಡುರಾತ್ರಿ. ಅಂಥವರು ತಾವು ಏಳುವ ಹೊತ್ತಿಗೇ ಹೊರಗೆ ಬಂದು, ಸ್ವಲ್ಪಸ್ವಲ್ಪವಾಗಿ ಆ ಹೊತ್ತನ್ನು ಮುಂಚಿತವಾಗಿಸಿಕೊಳ್ಳಬೇಕು. ಹೊರಗೇ ಏಕೆ?

ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ ಸಾಮಾನ್ಯವಾಗಿ ನೂರರಿಂದ ಮುನ್ನೂರು ಲಕ್ಸ್ (ಬೆಳಕಿನ ಅಳತೆ) ಬೆಳಕಿರುತ್ತದೆ. ಮೋಡ ಕವಿದ ಹಗಲಲ್ಲೂ ಬಯಲಿನಲ್ಲಿ ಸಾವಿರಾರು ಲಕ್ಸ್, ಸುಡುಬಿಸಿಲಿನಲ್ಲಿ ಒಂದು ಲಕ್ಷ.

ಆದರೆ ರಾತ್ರಿ ಕೆಡಿಸಲು ಅಷ್ಟೆಲ್ಲ ಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರಾಸರಿ 30 ಲಕ್ಸ್‌ಗೂ ಕಡಿಮೆ ಬೆಳಕಿಗೇ ಮೆಲಟೋನಿನ್ ಅರ್ಧಕ್ಕಿಳಿಯಿತು. ಅತಿ ಸೂಕ್ಷ್ಮರಿಗೂ ಅತಿ ಗಟ್ಟಿಗರಿಗೂ ನಡುವೆ 50 ಪಟ್ಟಿಗಿಂತ ಹೆಚ್ಚಿನ ಅಂತರವಿತ್ತು! ಒಂದೇ ಟಿವಿಯ ಮುಂದೆ ಗಂಡನಿಗೆ ನಿದ್ದೆ ಬಂದು ಹೆಂಡತಿಗೆ ಬಾರದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್ 5ರಂದು, ಶಿವನಸಮುದ್ರದ ಕರೆಂಟಿನಿಂದ. ಅದಕ್ಕೂ ಮುಂಚಿನವರ ಸಂಜೆ ನಿಜಕ್ಕೂ ಕತ್ತಲೆಯಾಗಿತ್ತು.

ಆ ಕತ್ತಲೆ ಮರಳಿದರೆ? ಅಮೆರಿಕದ ಕೊಲರಾಡೊದಲ್ಲಿ ಕೆನ್ನೆತ್ ರೈಟ್ ತಂಡ ಎಂಟು ಮಂದಿಯನ್ನು ಒಂದು ವಾರ ಗುಡಾರದಲ್ಲಿರಿಸಿತು. ಬೆಳಕೆಂದರೆ ಬಿಸಿಲು ಮತ್ತು ಕ್ಯಾಂಪಿನ ಬೆಂಕಿ ಮಾತ್ರ. ಅವರ ಗಡಿಯಾರ ಸರಾಸರಿ ಸುಮಾರು ಎರಡು ಗಂಟೆ ಮುಂಚಿತವಾಯಿತು. ಹೆಚ್ಚು ಬದಲಾದವರು ತಡವಾಗಿ ಮಲಗುವವರೇ! 2013ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಟ್ಟಿದೆ. ಹುಟ್ಟುಗುಣ ಅಳಿಯದಿದ್ದರೂ ಅದರ ಜೊತೆಗೆ ಸೇರಿಕೊಂಡ ದೀಪದ ಪಾಲನ್ನು ಕಳೆಯಬಹುದು.

ನಮ್ಮಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 5:50ರಿಂದ 6:45ರೊಳಗೆ. ಚಳಿನಾಡುಗಳವರಿಗೆ ಈ ಭಾಗ್ಯವಿಲ್ಲ. ಹದಿಹರೆಯದ ಮಕ್ಕಳ ಗಡಿಯಾರ ಸಹಜವಾಗಿಯೇ ತಡ. ಅವರನ್ನು ಬೈಯುವ ಮುಂಚೆ ಬೆಳಗಿನ ಕಾಫಿಯನ್ನು ಟೆರೇಸಿಗೋ ಬಾಲ್ಕನಿಗೋ ಒಯ್ದು ಅವರನ್ನೂ ಕರೆಯಿರಿ, ರಾತ್ರಿ ಊಟವಾದ ಮೇಲೆ ಹಾಲ್‌ನ ದೊಡ್ಡ ದೀಪ ಆರಿಸಿ.